ಭಾಗ್ಯ ಇನ್ನೂ ಕಂಬದ ಮೇಲಿದ್ದಳು

ಖಂಡೆಪ್ಪನಿಗೆ ಸಿಟ್ಟು ಬಂದದ್ದನ್ನು ಸಿರ್ಗಾಪುರದ ಸುತ್ತಿನಲ್ಲಿ ಕಂಡವರು ಕಡಿಮೆ. ಕುರಿ ಕಾಯುವ ಮನೆಯಲ್ಲಿ ಹುಟ್ಟಿದವನು, ಇಪ್ಪತ್ತೆರಡು ವರ್ಷದಿಂದ ಊರಾಚೆಯ ಸಬ್‌ಸ್ಟೇಷನ್ನಿನಲ್ಲಿ ಆಪರೇಟರ್. ಕರೆಂಟ್ ಹೋದಾಗಲೆಲ್ಲ ಮೂರು ಊರಿನವರು ಫೋನು ಹಚ್ಚಿ ಅವನ ವಂಶವನ್ನೆಲ್ಲ ನೆನೆಯುತ್ತಾರೆ. ಕನ್ನಡದಲ್ಲಿ ಬೈದವರಿಗೆ ಕನ್ನಡದಲ್ಲಿ, ತೆಲುಗಿನಲ್ಲಿ ಬೈದವರಿಗೆ ತೆಲುಗಿನಲ್ಲಿ ಸಮಾಧಾನ ಹೇಳಿ, ಅಂಗೈಯಲ್ಲಿ ತಂಬಾಕು ತಿಕ್ಕುತ್ತ ಕೂರುವ ಮನುಷ್ಯ. ಅಂಥವನು ಹೋದ ತಿಂಗಳು ನಾರಾಯಣಖೇಡದ ಆಫೀಸಿನಲ್ಲಿ, ಸಾಹೇಬರ ಮೇಜಿನ ಮುಂದೆ ಸಿಟ್ಟಾದ. ಯಾಕೆ ಅಂತೀರಾ, ಕೇಳಿ.

ಅವನ ಕೆಲಸದಲ್ಲಿ ಹಳೆಯ ಕಟ್ಟಳೆಯೊಂದಿದೆ. ಕಂಬ ಹತ್ತುವವರು ಮೊದಲು ಸಬ್‌ಸ್ಟೇಷನ್ನಿಗೆ ತಮ್ಮ ಹೆಸರು ಹೇಳಿ ಲೈನ್ ಬಂದ್ ಮಾಡಿಸಬೇಕು. ಎಲ್‌ಸಿ ತೆಗೆದುಕೊಳ್ಳುವುದು ಅನ್ನುತ್ತಾರೆ ಅದಕ್ಕೆ. ಯಾವ ಬಾಯಿ ಎಲ್‌ಸಿ ಕೇಳಿತೋ ಅದೇ ಬಾಯಿ ‘ಇಳಿದೆ’ ಎಂದು ತಿರುಗಿ ಕೊಡಬೇಕು. ಅಣ್ಣ ತೆಗೆದುಕೊಂಡದ್ದನ್ನು ತಮ್ಮ ಕೊಡುವಂತಿಲ್ಲ. ಇಂಜಿನಿಯರೇ ಎದುರು ನಿಂತು ಹೇಳಿದರೂ ನಡೆಯುವುದಿಲ್ಲ. ಇದೊಂದರಲ್ಲಿ ಖಂಡೆಪ್ಪ ಒಂದು ದಿನವೂ ತಪ್ಪಿದವನಲ್ಲ. ಅವನನ್ನು ನಂಬಿ ಕಂಬ ಹತ್ತಿದವರೆಲ್ಲ ಸಂಜೆ ಮನೆಗೆ ಹೋಗಿ ಉಂಡಿದ್ದಾರೆ.

ಎರಡು ವರ್ಷದ ಹಿಂದೆ ಸ್ಮಾರ್ಟ್ ಗ್ರಿಡ್ ಬಂತು. ಮನೆಮನೆಯ ಮೀಟರುಗಳು ತಾವೇ ಸುದ್ದಿ ಕಳಿಸತೊಡಗಿದವು. ಇಲ್ಲಿಯ ಲೈನನ್ನು ದೂರದ ಶಹರದ ಕಂಟ್ರೋಲ್ ರೂಮಿನಲ್ಲಿ ಕೂತೇ ಹಾಕುವ, ತೆಗೆಯುವ ಏರ್ಪಾಡಾಯಿತು. ಖಂಡೆಪ್ಪ ಅದನ್ನು ದೂರಲಿಲ್ಲ. ಎಲ್ಲಿ ತಂತಿ ಹರಿದಿದೆ ಎಂದು ಮಳೆಯಲ್ಲಿ ಹೊಲ ಹೊಲ ಹುಡುಕುವುದು ತಪ್ಪಿತಲ್ಲ ಎಂದು ಖುಷಿಯನ್ನೇ ಪಟ್ಟ. ಆಮೇಲೆ ಎಲ್‌ಸಿಯನ್ನೂ ಮೊಬೈಲ್ ಆ್ಯಪಿನಲ್ಲೇ ತೆಗೆದುಕೊಳ್ಳಬೇಕು ಎಂದರು. ಸಬ್‌ಸ್ಟೇಷನ್ನಿನ ಫಲಕದಲ್ಲಿ ಒಂದು ಕೀಲಿಯಿದೆ. ಈ ಕಡೆ ತಿರುಗಿಸಿದರೆ ಲೈನು ಆಪರೇಟರನ ಕೈಯಲ್ಲಿ, ಆ ಕಡೆ ತಿರುಗಿಸಿದರೆ ಶಹರದ ಕೈಯಲ್ಲಿ. ಅದನ್ನು ಆ ಕಡೆಗೆ ತಿರುಗಿಸಿ, ಮುಟ್ಟಕೂಡದೆಂದು ಗೋಡೆಗೆ ಕಾಗದ ಅಂಟಿಸಿ ಹೋದರು.

ಆ ದಿನ ಕಂಬ ಹತ್ತಿದವಳು ಭಾಗ್ಯ. ಹೆಣ್ಣುಮಗಳಾದರೂ ಹುದ್ದೆಯ ಹೆಸರು ಲೈನ್‌ಮನ್. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಆ್ಯಪಿನಲ್ಲಿ ಎಲ್‌ಸಿ ತೆಗೆದುಕೊಂಡವಳು ಖಂಡೆಪ್ಪನಿಗೂ ಫೋನು ಮಾಡಿದ್ದಳು.

“ಕಾಕಾ, ನಾ ಭಾಗ್ಯ. ಹಳ್ಳದ ಲೈನ್ ಬಂದ್ ಆಗ್ಯಾದೇನ್ರಿ? ನಿಮ್ಮ ಬಾಯಿಲೆ ಕೇಳಿದ್ರನ ನನ್ನ ಕಾಲು ಮ್ಯಾಲ ಏಳ್ತಾವ.”

“ಬಂದ್ ಆಗ್ಯಾದ, ಹತ್ತವ್ವ. ಇಳಿದ ಮ್ಯಾಲ ಹೇಳು.”

ನಲವತ್ತು ನಿಮಿಷ ಕಳೆದಿರಬೇಕು. ಕಂಟ್ರೋಲ್ ರೂಮಿನಿಂದ ಫೋನು ಬಂತು. ಕೆಲಸ ಮುಗಿದಿದೆ, ಲೈನ್ ಹಾಕುತ್ತಿದ್ದೇವೆ ಎಂದಿತು ತೆಲುಗಿನ ಎಳೆಯ ದನಿ. ಹುಡುಗಿ ಇನ್ನೂ ತಿರುಗಿ ಕೊಟ್ಟಿಲ್ಲ ಎಂದ ಖಂಡೆಪ್ಪ. ಕೊಟ್ಟಿದ್ದಾಳೆ, ಪರದೆಯ ಮೇಲೆ ಅವಳದೇ ಹೆಸರಿದೆ ಎಂದಿತು ದನಿ. ಅವನು ಮುಂದೆ ವಾದಕ್ಕೆ ನಿಲ್ಲಲಿಲ್ಲ. ಒಂದು ಕೈಯಲ್ಲಿ ಫೋನು ಹಿಡಿದಂತೆಯೇ ಇನ್ನೊಂದು ಕೈಯಲ್ಲಿ ಕೀಲಿಯನ್ನು ಈ ಕಡೆ ತಿರುಗಿಸಿ, ಕಿತ್ತು ಜೇಬಿಗೆ ಹಾಕಿಕೊಂಡ. ಆಮೇಲೆ ಭಾಗ್ಯಳಿಗೆ ಹಚ್ಚಿದ. ಫೋನು ಹೋಗಲಿಲ್ಲ. ಶಹರದಿಂದ ಒಬ್ಬರಾದ ಮೇಲೊಬ್ಬರು ಗದರಿಸಿದರು. ಮೂರು ಊರು ಕರೆಂಟಿಲ್ಲದೆ ಒದ್ದಾಡಿದವು. ಒಂದೂವರೆ ತಾಸಿನ ಮೇಲೆ ಬಾಗಿಲಲ್ಲಿ ಮೋಟರ್ ಸೈಕಲ್ ನಿಂತಿತು. ಮೈಯೆಲ್ಲ ಮಣ್ಣಾದ ಭಾಗ್ಯ ಒಳಗೆ ಬಂದು, ಕಾಕಾ ಇಳಿದೆ, ಎಂದಳು.

ಆಗಿದ್ದೇನು ಗೊತ್ತೇ? ಭಾಗ್ಯ ಹತ್ತಿದ ಕಂಬದ ಕಡೆಯ ಮೊಬೈಲ್ ಟವರಿಗೆ ಕರೆಂಟು ಹೋಗುವುದು ಅದೇ ಹಳ್ಳದ ಲೈನಿನಿಂದ. ಟವರಿನ ಬ್ಯಾಟರಿ ಹಳತಾಗಿ, ಐದು ನಿಮಿಷಕ್ಕಿಂತ ಹೆಚ್ಚು ತಡೆಯುತ್ತಿರಲಿಲ್ಲ. ಲೈನ್ ಬಂದ್ ಆಗಿ, ಭಾಗ್ಯ ಖಂಡೆಪ್ಪನೊಂದಿಗೆ ಮಾತಾಡಿ ಫೋನು ಇಟ್ಟ ಸ್ವಲ್ಪ ಹೊತ್ತಿಗೆ ಸಿಗ್ನಲ್ಲೂ ಹೋಯಿತು. ಅರ್ಧ ತಾಸು ಸುದ್ದಿ ಬರದಿದ್ದರೆ ಕೆಲಸ ಮುಗಿಯಿತೆಂದು ತಿಳಿದು, ಕಂಬ ಹತ್ತಿದವರ ಹೆಸರಿನಲ್ಲಿ ತಾನೇ ಬರೆದುಕೊಳ್ಳುವಂತೆ ಆ್ಯಪ್ ಕಟ್ಟಿದ್ದರು. ಕಟ್ಟಿದ ಪುಣ್ಯಾತ್ಮರಲ್ಲಿ ಒಬ್ಬನಾದರೂ ಕಂಬ ಹತ್ತಿದ್ದನೋ ಇಲ್ಲವೋ.

ನೋಟಿಸು ಬಂದದ್ದು ಆ್ಯಪ್ ಕಟ್ಟಿದವರಿಗಲ್ಲ, ಖಂಡೆಪ್ಪನಿಗೆ. ಮೇಲಿನವರ ಮಾತು ಮೀರಿ ಕೀಲಿ ಕಿತ್ತದ್ದು ತಪ್ಪಾಯಿತೆಂದು ಅವನು ಬರೆದುಕೊಡಬೇಕು, ಕೀಲಿಯನ್ನೂ ಒಪ್ಪಿಸಬೇಕು. ಕೈತಪ್ಪಿ ಗುಂಡಿ ಒತ್ತಿದೆನೆಂದು ಭಾಗ್ಯ ಬರೆದುಕೊಡಬೇಕು.

ನಾರಾಯಣಖೇಡದ ಭೀಮಾಶಂಕರ ಸಾಹೇಬರು ಕೆಟ್ಟವರಲ್ಲ, ಈ ಸೀಮೆಯವರೇ. ಎರಡೂ ಕಾಗದ ಮುಂದೆ ಸರಿಸಿ, ನೌಕರಿ ಕಾಯಂ ಆಗುವ ಹೊತ್ತಿನಲ್ಲಿ ತಕರಾರು ಯಾಕೆ ಎಂದು ಹುಡುಗಿಗೆ ಮೆಲ್ಲಗೆ ಹೇಳಿದರು.

“ನಾ ಒತ್ತಿಲ್ರಿ ಸಾಹೇಬ್ರ,” ಎಂದಳು ಭಾಗ್ಯ. “ನನ್ನ ಎರಡೂ ಕೈ ತಂತಿ ಮ್ಯಾಲ ಇದ್ವು.”

ಸಾಹೇಬರು ಖಂಡೆಪ್ಪನ ಕಡೆ ತಿರುಗಿದರು. “ನೀನರ ಸಹಿ ಹಾಕು, ಮುಗಿಸಿಬಿಡೋಣ. ಹುಡುಗಿಗೇನೂ ಆಗಿಲ್ಲಲ್ಲ.”

ಖಂಡೆಪ್ಪನಿಗೆ ಸಿಟ್ಟು ಬಂದದ್ದು ಆಗ.

“ಆಗಿದ್ರ, ಕೆಲ್ಸ ಮುಗೀತಂತ ಆಕಿನೇ ಹೇಳಿ ಸತ್ತಾಳ ಅಂತ ನಿಮ್ಮ ಪರದಾ ಸಾಕ್ಷಿ ನುಡೀತಿತ್ರಿ. ಲೈನ್ ತೆಗೆದ್ರ ಟವರ್ ಸಾಯ್ತದ. ಟವರ್ ಸತ್ರ ಹುಡುಗಿ ಸುದ್ದಿ ಬರಂಗಿಲ್ಲ. ಸುದ್ದಿ ಬರಲಿಲ್ಲಂದ್ರ ಇಳದಾಳ ಅಂತ ಲೈನ್ ಹಾಕ್ತೀರಿ. ನಮ್ಮ ಮನ್ಯಾಗ ಒಂದು ಕುರಿ ಒದರಲಿಲ್ಲಂದ್ರ ಹುಡುಕಾಕ ಹೋಗ್ತೀವ್ರಿ, ಹಟ್ಟಿ ಬಾಗ್ಲಾ ಹಾಕಂಗಿಲ್ಲ.”

ಜೇಬಿನಿಂದ ಕೀಲಿ ತೆಗೆದು ಕಾಗದದ ಮೇಲಿಟ್ಟ.

“ತಗೋರಿ. ಖರೆ, ಇದರ ಕೆಳಗ ನೀವೇ ಬರೀರಿ. ಇವತ್ತಿನಿಂದ ಕಂಬದ ಮ್ಯಾಲ ಯಾರರ ಸತ್ರ, ಕೀಲಿ ನಿಮ್ಮ ಕೈಯಾಗ ಇತ್ತಂತ.”

ಸಾಹೇಬರು ಪೆನ್ನು ಎತ್ತಿಕೊಂಡರು. ಮುಚ್ಚಳ ತೆಗೆದರು, ಮತ್ತೆ ಹಾಕಿದರು. ಕಾಗದಗಳೆರಡನ್ನೂ ಡ್ರಾಯರಿಗೆ ಸೇರಿಸಿ, ಕೀಲಿಯನ್ನು ಬೆರಳ ತುದಿಯಿಂದ ಈಚೆಗೆ ತಳ್ಳಿದರು.

“ಮಧ್ಯಾಹ್ನದ ಡ್ಯೂಟಿ ಯಾರ್ದು?”

“ನಂದೇರಿ.”

“ಹೋಗು ಮತ್ತ.”

ಗೆದ್ದೆವಲ್ಲ ಕಾಕಾ ಎಂದು ಬಸ್ಸಿನಲ್ಲಿ ಭಾಗ್ಯ ನಕ್ಕಳು. ಅವನು ನಗಲಿಲ್ಲ. ಕೀಲಿ ತಿರುಗಿ ಕೊಟ್ಟರು, ನಿಜ. ಆದರೆ ಆ ಅರ್ಧ ತಾಸಿನ ನಿಯಮ ಹಾಗೆಯೇ ಇದೆ. ತಾಂಡೂರಿನ ಕಡೆ, ಜಹೀರಾಬಾದಿನ ಕಡೆ ಆಪರೇಟರನೇ ಇಲ್ಲದ ಸಬ್‌ಸ್ಟೇಷನ್ನುಗಳಿವೆ, ಬಾಗಿಲಿಗೆ ಬೀಗ, ಒಳಗೆ ಕೀಲಿ ಶಹರದ ಕಡೆಗೆ. ಅಲ್ಲಿ ಈ ಹೊತ್ತು ಯಾರು ಕಂಬದ ಮೇಲಿದ್ದಾರೋ. ಆ ಕಡೆ ಕಂಬ ಹತ್ತುವ ತನ್ನ ಪರಿಚಯದವರ ನಂಬರುಗಳನ್ನು ಫೋನಿನಲ್ಲಿ ಹುಡುಕಿ, ಆ ಅರ್ಧ ತಾಸಿನ ಸಂಗತಿ ತಿಳಿಸಲು ಒಬ್ಬೊಬ್ಬರಿಗೇ ಹಚ್ಚತೊಡಗಿದ.