ಶಾಂತರಾಜ ಕೂರದ ಪಂಕ್ತಿ

ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯ ಶಾಂತರಾಜನಿಗೆ ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ. ವಯಸ್ಸು ಅರವತ್ತು ದಾಟಿದೆ. ಬೆಳಿಗ್ಗೆ ಜಾವಗಲ್ ಮೇಲೆ ಹೋಗುವ ಬಸ್ಸು ಹಿಡಿಯುತ್ತಾನೆ, ಹೊತ್ತು ಮುಳುಗುವ ಮೊದಲೇ ಮನೆ ಸೇರುತ್ತಾನೆ. ಸೂರ್ಯ ಮುಳುಗಿದ ಮೇಲೆ ಅನ್ನವಿರಲಿ, ನೀರನ್ನೂ ಮುಟ್ಟುವುದಿಲ್ಲ. ಜೈನರ ಮನೆಗಳಲ್ಲಿ ಇದೇನೂ ಹೊಸದಲ್ಲ. ಆದರೆ ಅವನು ಇದನ್ನು ಹಿಡಿದದ್ದು ತೀರ ತಡವಾಗಿ.

ಹೆಂಡತಿ ಜಯಮಾಲಾ ಮಾತ್ರ ಮದುವೆಗೆ ಮೊದಲಿನಿಂದಲೂ ಈ ವ್ರತ ಪಾಲಿಸಿದವಳು. ಕತ್ತಲಲ್ಲಿ ಅನ್ನಕ್ಕೆ ಹುಳ ಬಿದ್ದರೆ ಗೊತ್ತಾಗುವುದಿಲ್ಲ, ಗೊತ್ತಿಲ್ಲದೆ ಒಂದು ಜೀವ ತಿನ್ನಬಾರದು. ಇಷ್ಟೇ ಅವಳ ವಿವರಣೆ. ಶಾಂತರಾಜ ಸಂಜೆ ಅರಸೀಕೆರೆ ಸ್ಟೇಷನ್ ಎದುರಿನ ಹೋಟೆಲಿನಲ್ಲಿ ದೋಸೆ ತಿಂದು ಬಂದು, "ಹಸಿವಿಲ್ಲ ಕಣೇ" ಎನ್ನುತ್ತಿದ್ದ. ಅಂಗಿಗೆ ಹತ್ತಿದ ಈರುಳ್ಳಿ ವಾಸನೆಯಿಂದಲೇ ಅವಳಿಗೆ ತಿಳಿಯುತ್ತಿತ್ತು. ಒಂದು ದಿನವೂ ಕೇಳಲಿಲ್ಲ. ಅವಳು ತೀರಿಕೊಂಡ ಮೇಲೆ ಅವನು ಬಸದಿಗೆ ಹೋಗಿ, ಅವಳ ವ್ರತವನ್ನು ತಾನು ತೆಗೆದುಕೊಂಡ. ಇದ್ದಾಗ ಕೊಡದೆ ಹೋದದ್ದನ್ನು ಕೊಡಲು ಅವನಿಗೆ ಬೇರೆ ದಾರಿ ತೋಚಲಿಲ್ಲ.

ಆಮೇಲೆ ಅವನು ಮಾತು ಕಡಿಮೆ ಮಾಡಿದ. ನೇಪಾಳಕ್ಕೆ ರಸ್ತೆಯ ಮೇಲೇ ಹೋಗಿಬರೋಣ ಎಂದು ಅವನನ್ನು ಎಬ್ಬಿಸಿದವನು ಜಾವಗಲ್ಲಿನ ಹುಚ್ಚಣ್ಣ. ಶಾಲೆಯ ಗೆಳೆಯ, ಜೀಪಿನ ಮಾಲೀಕ, ಅದರ ಡ್ರೈವರೂ ಅವನೇ.

"ಜೀಪೈತೆ, ನಾನಿವ್ನಿ. ಗೋಡೆ ನೋಡ್ಕಂಡು ಕುಂತಿರೋದ್ ಬಿಟ್ಟು ಬಾರ್ಲಾ."

"ದಾರೀಲಿ ನನ್ನ ಊಟದ ಗತಿ?"

"ನಿನ್ ಸೂರ್ಯ ಮುಳುಗೋಕ್ ಮುಂಚೆ ಒಲೆ ಹಚ್ಚಲಿಲ್ಲ ಅಂದ್ರೆ ನನ್ ಹೆಸರು ಹುಚ್ಚಣ್ಣ ಅಲ್ಲ."

"ಆ ಹೆಸರು ಹೋದ್ರೆ ನಿನಗೆ ಲಾಭಾನೇ ಕಣೋ," ಎಂದ ಅಚ್ಯುತ. ಅವನು ಮೂರನೆಯ ಗೆಳೆಯ, ಹಳೇಬೀಡಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದು ನಿವೃತ್ತನಾದವನು.

ಹೈದರಾಬಾದು, ನಾಗಪುರ, ಕಾಶಿ. ಹುಚ್ಚಣ್ಣ ಮಾತು ತಪ್ಪಲಿಲ್ಲ. ದಿನವೂ ಬಿಸಿಲಿರುವಾಗಲೇ ಯಾವುದಾದರೂ ಮರದಡಿ ಜೀಪು ನಿಲ್ಲಿಸಿ ಸ್ಟೌ ಹೊತ್ತಿಸುತ್ತಿದ್ದ. ಶಾಂತರಾಜನಿಗೆ ಸಕ್ಕರೆ ಕಾಯಿಲೆ. ಅಕ್ಕಿ ತೊಳೆಯುವಾಗ ಮಾತ್ರೆ ನುಂಗಿದರೆ ಊಟಕ್ಕೆ ಸರಿಹೋಗುತ್ತಿತ್ತು. ಪೂರ್ವಕ್ಕೆ ಹೋದಷ್ಟೂ ಸೂರ್ಯ ಬೇಗ ಮುಳುಗುತ್ತಾನೆಂದು ಅಚ್ಯುತ ದಿನವೂ ಲೆಕ್ಕ ಹಾಕಿ ಹೊತ್ತು ಹೇಳುತ್ತಿದ್ದ. ನರ್ಮದೆಯ ಸೇತುವೆಯ ಮೇಲೆ ಹುಚ್ಚಣ್ಣ ಶ್ರುತಿ ತಪ್ಪಿ ಹಾಡಿದಾಗ ಶಾಂತರಾಜ ನಕ್ಕುಬಿಟ್ಟ. ಜಯಮಾಲಾ ಹೋದ ಮೇಲೆ ಅವನು ನಕ್ಕದ್ದನ್ನು ಇಬ್ಬರೂ ಕಂಡದ್ದು ಅದೇ ಮೊದಲು.

ಸೋನೌಲಿಯಲ್ಲಿ ಗಡಿ ದಾಟಿ ಬೆಟ್ಟದ ರಸ್ತೆ ಹಿಡಿದರು. ಇಕ್ಕಟ್ಟಾದ ಕಣಿವೆ, ಕೆಳಗೆ ಹೊಳೆ. ಮುಂದೆ ಗುಡ್ಡ ಕುಸಿದು ಲಾರಿಗಳು ಸಾಲಾಗಿ ನಿಂತಿದ್ದವು. ಮಧ್ಯಾಹ್ನದ ಊಟ ಅಲ್ಲೇ ತಪ್ಪಿತು.

"ಮುಳುಗೋಕೆ ಇನ್ನೂ ಬೇಕಾದಷ್ಟು ಹೊತ್ತಿದೆ. ಮಾತ್ರೆ ತಗೊಂಡುಬಿಡು, ಅನ್ನ ಆಗುತ್ತೆ," ಎಂದ ಅಚ್ಯುತ. ಶಾಂತರಾಜ ನುಂಗಿದ.

ಅವರ ಊರಿನಲ್ಲಿ, ದ್ವಾರಸಮುದ್ರ ಕೆರೆಯ ಏರಿಯ ಮೇಲೆ ನಿಂತರೆ, ಸೂರ್ಯ ನೆಲ ಮುಟ್ಟುವವರೆಗೂ ಕಾಣುತ್ತಾನೆ. ಮುಳುಗುವುದಕ್ಕೆ ಎಷ್ಟೋ ಮೊದಲೇ ಅವನು ಮರೆಯಾಗುವ ಜಾಗವೊಂದಿರುತ್ತದೆ ಎಂಬುದು ಅಚ್ಯುತನ ಲೆಕ್ಕದಲ್ಲೂ ಇರಲಿಲ್ಲ. ಗಾಳಿಗೆ ಸ್ಟೌ ನಿಲ್ಲುತ್ತಿರಲಿಲ್ಲ. ಪಾತ್ರೆಯಲ್ಲಿ ಎಸರು ಕುದಿಯುವ ಮೊದಲೇ ಬೆಟ್ಟದ ನೆರಳು ಹೊಳೆ ದಾಟಿ ಜೀಪಿನ ಮೇಲೆ ಬಂತು.

ಶಾಂತರಾಜ ತಲೆಯೆತ್ತಿ ನೋಡಿದ. "ಹೋಯ್ತಲ್ಲೋ."

"ಮುಳುಗಿಲ್ಲ ಕಣೋ, ಗುಡ್ಡದ ಹಿಂದಿದೆ. ನೋಡು, ಎದುರು ಬೆಟ್ಟದ ತುದೀಲಿ ಬಿಸಿಲಿದೆ."

"ಅದು ಅಲ್ಲಿರೋರಿಗೆ."

"ಮೋಡ ಮುಚ್ಚಿದ ದಿನ ಉಪವಾಸ ಇರ್ತೀಯಾ?"

"ಮೋಡ ಅಂದ್ರೆ ಮೋಡ ಅಂತ ಗೊತ್ತಾಗುತ್ತೆ. ಇದು ನನಗೆ ಗೊತ್ತಾಗ್ತಿಲ್ಲ ಅಚ್ಯುತ. ಗೊತ್ತಿಲ್ಲದಾಗ ತಿನ್ನಬಾರದು ಅಂತ್ಲೇ ಅಲ್ವೇನೋ ಇದು?"

"ಲೇ, ಮಾತ್ರೆ ನುಂಗ್ಬಿಟ್ಟಿದೀಯಲ್ಲೋ, ಉಣ್ದಿದ್ರೆ ಸಕ್ಕರೆ ಇಳ್ದೋಯ್ತದೆ!" ಹುಚ್ಚಣ್ಣ ಸೌಟು ಹಿಡಿದೇ ಎದ್ದು ನಿಂತ.

ಅನ್ನ ಬೆಂದಿತು. ಶಾಂತರಾಜ ತಟ್ಟೆ ಮುಟ್ಟಲಿಲ್ಲ. ಬೈದರು, ಬೇಡಿಕೊಂಡರು. ಅವನು ಹೊಳೆ ನೋಡುತ್ತ ಕೂತ. ಎದುರು ಬೆಟ್ಟದ ಬಿಸಿಲೂ ಆರಿತು. ಸ್ವಲ್ಪ ಹೊತ್ತಿಗೆ ಅವನು ಬೆವರತೊಡಗಿದ. ಆ ಚಳಿಯಲ್ಲೂ ಅಂಗಿ ಬೆನ್ನಿಗೆ ಅಂಟಿತು. "ಅರಸೀಕೆರೆ ಬಸ್ಸು ಬಂತಾ?" ಎಂದು ಕೇಳಿ ಜೀಪಿನ ಗಾಲಿಗೆ ಒರಗಿದ. ಹುಚ್ಚಣ್ಣ ಕಲ್ಲಿನಿಂದ ಬೆಲ್ಲ ಒಡೆದ. ಅವನೇ ಶಾಂತರಾಜನ ತಲೆ ಎತ್ತಿ ಹಿಡಿದ, ಅಚ್ಯುತ ಕೆನ್ನೆಯ ಒಳಗೆ ಬೆಲ್ಲ ತಿಕ್ಕಿದ, ನುಂಗುತ್ತಾನೆಂದು ಖಾತ್ರಿಯಾದ ಮೇಲೆ ಬೆಲ್ಲದ ನೀರು ಕುಡಿಸಿದ. ಶಾಂತರಾಜ ಚೇತರಿಸಿಕೊಂಡಾಗ ಪೂರ್ತಿ ಕತ್ತಲು. ಬಾಯಿ ಒರೆಸಿಕೊಂಡ. ಮರುದಿನ ಮೂವರೂ ಜೀಪು ತಿರುಗಿಸಿಕೊಂಡು ಊರಿನ ಕಡೆ ಹೊರಟರು.

ಊರಿಗೆ ಬಂದ ಮೇಲೆ ಗೆಳೆಯರಿಬ್ಬರೇ ಬಸದಿಯ ಪಂಡಿತರ ಹತ್ತಿರ ಹೋದರು. "ಅವನಿಗೆ ಎಚ್ಚರ ಇರಲಿಲ್ಲ ಸ್ವಾಮಿ, ನಾವೇ ಬಲವಂತ ಮಾಡಿದ್ದು," ಎಂದರು. ಅರಿವಿಲ್ಲದೆ ಆದದ್ದರಿಂದ ವ್ರತ ಮುರಿಯುವುದಿಲ್ಲ ಎಂದು ಪಂಡಿತರು ಸಮಾಧಾನ ಹೇಳಿ ಕಳಿಸಿದರು. ಆ ಮಾತು ಕೇಳಿ ಶಾಂತರಾಜನ ಮಗಳು ದೀಪ್ತಿಗೂ ನಿರಾಳವಾಯಿತು.

ಹಳೇಬೀಡಿನ ಬಸ್ ಸ್ಟ್ಯಾಂಡಿನಲ್ಲಿ ಒಂದು ಮಧ್ಯಾಹ್ನ, ಅಚ್ಯುತನ ಜೊತೆ ಬಸ್ಸಿಗೆ ಕಾಯುತ್ತಿದ್ದಾಗ, ಶಾಂತರಾಜ ತಾನಾಗಿ ಮಾತೆತ್ತಿದ.

"ನೀವು ಬಲವಂತ ಮಾಡ್ಲಿಲ್ಲ ಕಣೋ."

ಅಚ್ಯುತನಿಗೆ ಅರ್ಥವಾಗಲಿಲ್ಲ.

"ಹುಚ್ಚಣ್ಣ ಬೆಲ್ಲ ಒಡೆದ ಸದ್ದು ಕೇಳ್ತು. ಬೆಲ್ಲ ಅಂತ ಗೊತ್ತಾಯ್ತು. ಕತ್ತಲಾಗಿದೆ ಅಂತಲೂ ಗೊತ್ತಿತ್ತು. ನಾನೇ ಬಾಯಿ ತೆರೆದೆ."

"ಸಕ್ಕರೆ ಅಷ್ಟು ಇಳಿದಾಗ ಮಿದುಳು ನಿನ್ನ ಮಾತು ಕೇಳಲ್ಲ ಶಾಂತು. ಬದುಕೋಕೆ ದೇಹ ತಾನೇ ಬಾಯಿ ತೆರೆಯುತ್ತೆ. ಅದರಲ್ಲಿ ನಿನ್ನದೇನೂ ಇಲ್ಲ."

"ಅವಳಿಗೂ ದೇಹ ಇತ್ತಲ್ಲ," ಎಂದ ಶಾಂತರಾಜ. "ಆಸ್ಪತ್ರೇಲಿ ಕೊನೇ ಸಂಜೆ, ಹೊತ್ತು ಮುಳುಗಿದ ಮೇಲೆ, ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತ್ತು. ನಾನೇ ಚಮಚದಲ್ಲಿ ನೀರು ಹಿಡಿದೆ. ತುಟಿ ಬಿಚ್ಚಲಿಲ್ಲ."

ಅಚ್ಯುತ ಗೆಳೆಯನ ಕೈಚೀಲವನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಬಸ್ಸು ಬರುವವರೆಗೆ ಜೊತೆಗೆ ಕೂತ.

ಮನೆಯಲ್ಲಿ ಶಾಂತರಾಜ ಈಗಲೂ ಬೆಳಕಿರುವಾಗಲೇ ಉಣ್ಣುತ್ತಾನೆ. ವ್ರತವೇ ಎಂದು ಯಾರಾದರೂ ಕೇಳಿದರೆ, "ಇಲ್ಲ, ಸಕ್ಕರೆ ಕಾಯಿಲೆ," ಎನ್ನುತ್ತಾನೆ.

ಮೊನ್ನೆ ಬೇಲೂರಿನಲ್ಲಿ ಜಯಮಾಲಾಳ ತವರಿನ ಕಡೆಯ ಮದುವೆ. ಸಂಜೆ, ಹೊತ್ತಿರುವಾಗಲೇ, ವ್ರತದವರಿಗೆ ಮೊದಲ ಪಂಕ್ತಿ ಹಾಕಿದರು. ದೀಪ್ತಿ ಹುಡುಕಿಕೊಂಡು ಬಂದಳು.

"ಅಪ್ಪಾ, ದೊಡ್ಡಮ್ಮನ ಪಕ್ಕ ನಿಮ್ಮ ಎಲೆ ಹಾಕ್ಸಿದೀನಿ, ಬನ್ನಿ."

"ಅದು ವ್ರತದವರದ್ದು ಕಣಮ್ಮ."

"ನೀವೇನು ಹೊಸಬರಾ? ಬನ್ನೀಂದ್ರೆ. ಮಾತ್ರೆ ಆಯ್ತಾ?"

"ಇಲ್ಲ. ಎಲೆ ಮುಂದೆ ಕೂರೋ ತನಕ ತಗೊಳ್ಳಲ್ಲ."

ಅವನು ನೀರಿನ ಜಗ್ಗು ಎತ್ತಿಕೊಂಡು ಪಂಕ್ತಿಯ ಉದ್ದಕ್ಕೂ ಬಡಿಸುತ್ತ ಹೋದ. ತನಗೆಂದು ಹಾಕಿದ್ದ ಎಲೆಯ ಮುಂದೆ ಬಂದಾಗ ಅಲ್ಲಿನ ಲೋಟ ಬಿಟ್ಟು ಮುಂದಿನದಕ್ಕೆ ನೀರು ಹಾಕಿದ. ಪಂಕ್ತಿ ಎದ್ದಿತು. ಹೊತ್ತು ಮುಳುಗಿ ದೀಪಗಳು ಹತ್ತಿದವು. ಎರಡನೇ ಪಂಕ್ತಿ ಕೂತಿತು. ಅಲ್ಲೂ ಅವನು ಕೂರಲಿಲ್ಲ. ಜಗ್ಗು ಕೆಳಗಿಟ್ಟು, ಹಳೇಬೀಡಿನ ಬಸ್ಸು ತಪ್ಪುತ್ತದೆ ಎಂದು ಹೇಳಿ ಹೊರಟ.