ಚನ್ನೇಶನ ಮೊದಲ ಪಾಲಿಶ್ ಮಷಿನ್

ಆನವಟ್ಟಿಯ ಚನ್ನೇಶ್ ತನ್ನ ಹಳೆಯ ಕಾರಿಗೆ ಪಾಲಿಶ್ ಮಷಿನ್ ಕೊಳ್ಳಲು ಶಿಕಾರಿಪುರದ ಅಂಗಡಿಗೆ ಬರುತ್ತಲೇ ಇರುತ್ತಾನೆ. ಒಂದೊಂದನ್ನೂ ಕೂಸಿನಂತೆ ಎತ್ತಿ, ಗಾಳಿಯಲ್ಲೇ ಇಡೀ ಬಾನೆಟ್ ಉಜ್ಜಿ, ಕೆಳಗಿಡುತ್ತಾನೆ. “ಹೆಣ್ಣು ನೋಡಾಕೂ ಇಷ್ಟು ಸಲ ಬರಲ್ಲ ಮಾರಾಯ,” ಎಂದು ಅಂಗಡಿಯ ಶಾಂತವೀರಪ್ಪ ಛೇಡಿಸಿದರೂ ಅವನ ಪ್ರಶ್ನೆ ಒಂದೇ: “ಬಣ್ಣ ಸುಡಲ್ಲ ಅಲ್ರೀ?” ಒಂದೇ ಸಮನೆ ಗರಗರ ತಿರುಗುವ ರೋಟರಿ ಮಷಿನ್ ಬೇಗ ಹೊಳಪು ಕೊಡುತ್ತದೆ, ಆದರೆ ಹೊಸಬರ ಕೈಯಲ್ಲಿ ಬಣ್ಣ ಸುಡುತ್ತದೆ; ತಿರುಗುತ್ತಲೇ ಅತ್ತಿತ್ತ ಅಲುಗುವ ಡ್ಯುಯಲ್ ಆಕ್ಷನ್ ಮಷಿನ್ ನಿಧಾನ, ಅಪಾಯ ಕಡಿಮೆ. ಇಂದು ಅದನ್ನೇ ಮುಂದಿಟ್ಟ ಶಾಂತವೀರಪ್ಪ ಹೊರಗೆ ನಿಂತ ಕಾರಿನತ್ತ ಕೈ ತೋರಿ, “ಬಾನೆಟ್ ಮೇಲಿನ ವಿಭೂತಿ ಕಲೆನೂ ಹೋಗ್ತೈತಿ,” ಎಂದರು. ಚನ್ನೇಶ್ ಮಷಿನ್‌ನಿಂದ ಕೈ ತೆಗೆದ. “ಅದು ಹೋಗಬಾರದ್ರೀ. ಕಾರು ತಂದ ದಿನ ಅವ್ವ ಹಚ್ಚಿದ್ದು. ಈಗ ಅವ್ವ ಇಲ್ಲ.” ಶಾಂತವೀರಪ್ಪ ಒಳಗೆ ಹೋಗಿ, ಕಲೆ ಮುಟ್ಟದೆ ಅದರ ಸುತ್ತ ಉಜ್ಜಬಹುದಾದ, ಅಂಗೈಗಿಂತ ಚಿಕ್ಕ ಪ್ಯಾಡಿನ ಮಷಿನ್ ತಂದು ಅವನ ಕೈಗಿಟ್ಟರು.