ಸೂಜಿಯಕ್ಕನ ನಕ್ಷೆಗಳು

ಹೊಲಿಗೆ ಯಂತ್ರ ರಿಪೇರಿ ಮಾಡುವ ಆಕೆಯನ್ನು ಬೀದಿಯವರೆಲ್ಲ ಸೂಜಿಯಕ್ಕ ಎಂದೇ ಕರೆಯುತ್ತಿದ್ದರು. ಕಾರ್ಖಾನೆಯೇ ಮುಚ್ಚಿಹೋದ ಹಳೆಯ ಯಂತ್ರಗಳನ್ನು ಬಿಚ್ಚಿದಾಗಲೆಲ್ಲ ಬಿಡಿಭಾಗಗಳ ಅಳತೆ ತೆಗೆದು ಪೆನ್ಸಿಲಿನಲ್ಲಿ ನಕ್ಷೆ ಬರೆದಿಡುವುದು ಅವಳ ಹುಚ್ಚು. ಮೂವತ್ತು ವರ್ಷಗಳಲ್ಲಿ ನಾನೂರು ಹಾಳೆಗಳಾಗಿದ್ದವು.

ಗ್ರಂಥಾಲಯದಲ್ಲಿ ಕೆಲಸ ಮಾಡುವ ನಾದಿನಿ ಅವನ್ನೆಲ್ಲ ಸ್ಕ್ಯಾನ್ ಮಾಡಿ, ಸೂಜಿಯಕ್ಕನ ಅಂಗಡಿಯ ಕಂಪ್ಯೂಟರಿನಲ್ಲೇ ಇಟ್ಟು ಅಲ್ಲಿಂದ ಹಂಚಲು ಏರ್ಪಾಡು ಮಾಡಿದಳು. ನಡುವೆ ಯಾವ ಕಂಪನಿಯೂ ಇಲ್ಲ. ಬೇಕಾದ ಮೆಕ್ಯಾನಿಕ್ ನೇರವಾಗಿ ಪ್ರತಿ ಇಳಿಸಿಕೊಂಡು, ತನ್ನಲ್ಲೂ ಇಟ್ಟುಕೊಂಡು, ಮುಂದಿನವರಿಗೆ ಕೊಡುತ್ತಾನೆ ಎಂದು ವಿವರಿಸಿದಳು.

"ಕೊಟ್ಟ ಮೇಲೂ ನನ್ನ ಹತ್ರ ಇರುತ್ತೆ ಅಂದ್ರೆ ಕೊಡೋಕೇನು ಕಷ್ಟ?" ಎಂದು ಸೂಜಿಯಕ್ಕ ನಕ್ಕಳು.

ಒಂದು ಭಾನುವಾರ ಅಂಗಡಿಯ ಮೇಲಿನ ಮಹಡಿಯ ನೀರಿನ ಪೈಪು ಒಡೆಯಿತು. ಸೋಮವಾರ ಬಾಗಿಲು ತೆಗೆದರೆ ಹಾಳೆಗಳೆಲ್ಲ ನೆನೆದು ಮುದ್ದೆ, ಕಂಪ್ಯೂಟರು ಸತ್ತಿತ್ತು. ಸೂಜಿಯಕ್ಕ ಎರಡು ದಿನ ಹಾಳೆಗಳನ್ನು ಬಿಡಿಸಿ ಒಣಗಿಸಲು ನೋಡಿದಳು, ಒಂದೂ ಉಳಿಯಲಿಲ್ಲ.

ಮೂರನೆಯ ದಿನ ಆಸ್ಪತ್ರೆಯ ಲಾಂಡ್ರಿಯಿಂದ ಕರೆ ಬಂತು. ರೋಗಿಗಳ ಅಂಗಿ ಹೊಲಿಯುವ ಹಳೆಯ ಯಂತ್ರ ನಿಂತುಹೋಗಿತ್ತು. ಬಿಚ್ಚಿ ನೋಡಿದರೆ ಒಳಗಿನ ಚಿಕ್ಕ ಚಕ್ರವೊಂದು ಪುಡಿಪುಡಿ. ಅದರ ಅಳತೆ ಹಿಂದೊಮ್ಮೆ ಬರೆದಿದ್ದಳು. ಈಗ ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ನಾದಿನಿಗೆ ಫೋನು ಮಾಡಿದಳು.

ನಿಮ್ಮ ಪ್ರತಿ ಹೋದರೇನು, ಇಳಿಸಿಕೊಂಡವರ ಬಳಿ ಇರುತ್ತದಲ್ಲ ಎಂದಳು ನಾದಿನಿ. ಹಂಚಿಕೆಯ ತಂತ್ರಾಂಶ ಫೋನಿನಲ್ಲಿ ಇಲ್ಲದಿದ್ದರೂ ಅಡ್ಡಿಯಿಲ್ಲ. ಅದಕ್ಕೆಂದೇ ಹೆಬ್ಬಾಗಿಲಿನಂಥ ಒಂದು ವೆಬ್‌ಸೈಟ್ ಇದೆ, ಕಡತದ ವಿಳಾಸ ಕೊಟ್ಟರೆ ಇದ್ದವರಿಂದ ತಂದು ಸಾಮಾನ್ಯ ಪುಟದಂತೆ ತೋರಿಸುತ್ತದೆ ಎಂದು ಹೇಳಿ, ರೈಲಿನಷ್ಟು ಉದ್ದದ ಕೊಂಡಿ ಕಳಿಸಿದಳು.

ಸೂಜಿಯಕ್ಕ ಒತ್ತಿದಳು. ಪರದೆ ಬಹಳ ಹೊತ್ತು ಬೆಳ್ಳಗೇ ಇತ್ತು. ಲಾಂಡ್ರಿಯ ಮೇಲ್ವಿಚಾರಕಿಯೂ ಬಗ್ಗಿ ನೋಡಿದಳು. ಕೊನೆಗೆ ಸೂಜಿಯಕ್ಕನದೇ ಕೈಬರಹ ಮೂಡಿತು, ಅಂಚಿನ ಎಣ್ಣೆ ಬೆರಳಿನ ಗುರುತಿನ ಸಮೇತ. ಅವಳ ಕಣ್ಣು ತುಂಬಿತು.

"ಯಾರ ಹತ್ರ ಇತ್ತು ಇದು?" ಎಂದು ಮತ್ತೆ ನಾದಿನಿಗೆ ಫೋನು ಮಾಡಿ ಕೇಳಿದಳು.

"ಯಾರಿಗ್ಗೊತ್ತು ಅತ್ತಿಗೆ. ಎಲ್ಲೋ ಯಾರೋ ಇಟ್ಕೊಂಡಿದಾರೆ."

"ಯಾರಾದ್ರೂ ಆಗ್ಲಿ, ಅವರ ಹೊಟ್ಟೆ ತಣ್ಣಗಿರ್ಲಿ."

ಲೇತ್‌ನವನಿಂದ ಹೊಸ ಚಕ್ರ ಮಾಡಿಸಿ, ಸಂಜೆಯೊಳಗೆ ಯಂತ್ರ ಓಡಿಸಿದಳು.

ಆ ವಾರವೆಲ್ಲ ಇಬ್ಬರೂ, ಹಂಚುವಾಗ ನಾದಿನಿ ಬರೆದಿಟ್ಟುಕೊಂಡಿದ್ದ ಕಡತಗಳ ವಿಳಾಸದ ಪಟ್ಟಿ ಹಿಡಿದು ಒಂದೊಂದೇ ವಿಳಾಸ ಕೊಟ್ಟು ಹುಡುಕಿದರು. ಹನ್ನೊಂದು ಹಾಳೆಗಳು ಮಾತ್ರ ಯಾರ ಬಳಿಯೂ ಸಿಗಲಿಲ್ಲ. ಅವನ್ನು ಮತ್ತೆ ಬರೆಯಲೆಂದು ಸೂಜಿಯಕ್ಕ ಈಗ ದರ್ಜಿಗಳ ಅಂಗಡಿ ಅಂಗಡಿ ಅಲೆಯುತ್ತಿದ್ದಾಳೆ. ಚೆನ್ನಾಗಿ ಓಡುತ್ತಿರುವ ಯಂತ್ರವನ್ನು ಬಿಚ್ಚಲು ಬಿಡಿ ಎಂದರೆ ಎಲ್ಲರೂ ಹೌಹಾರುತ್ತಾರೆ. ಮೊನ್ನೆ ಒಬ್ಬ ಮುದುಕ ದರ್ಜಿ ಒಪ್ಪಿದ. ಆದರೆ ಕೊನೆಯ ತಿರುಪು ಕೂರುವವರೆಗೂ ಎದುರಿಗೇ ಕುರ್ಚಿ ಹಾಕಿಕೊಂಡು ಕಾವಲು ಕೂತಿದ್ದ.